ಮನೆಯ ಬಟ್ಟೆ ಡ್ರೈಯರ್: ಗುರುತಿಸುವುದು, ಬಿಚ್ಚುವುದು, ಸರಿಪಡಿಸುವುದು

ಉಡುವ ಬಟ್ಟೆ ಶುಭ್ರವಾಗಿದ್ದರೆ ಮನಸ್ಸೂ ಹಗುರಾಗುತ್ತದೆ ಎಂಬುದು ಎಲ್ಲರ ಅನುಭವ. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆಗಳನ್ನು ಮಡಿಮಾಡುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಿದೇವರನ್ನು ನಾವು ಇಂದಿಗೂ ಗೌರವದಿಂದ ನೆನೆಯುತ್ತೇವೆ. ಬಟ್ಟೆ ಒಗೆಯುವ ಕೆಲಸ ಕೀಳಲ್ಲ, ಸುಲಭವೂ ಅಲ್ಲ. ಅದರಲ್ಲಿಯೂ ಮೈಯನ್ನು ಹೆಚ್ಚು ದಣಿಸುವುದು ಒಗೆತವಲ್ಲ, ಹಿಂಡುವಿಕೆ. ನೀರು ಕುಡಿದ ಜಮಖಾನೆ, ಹೊದಿಕೆ, ಒಂಬತ್ತು ಗಜದ ಸೀರೆ ಇವುಗಳನ್ನು ಹಿಂಡಿ ಹಿಂಡಿ ಕೈಬೆರಳುಗಳ ಗೆಣ್ಣು ನೋಯಿಸಿಕೊಂಡ ಹಿರಿಯ ಗೃಹಿಣಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ.

ಮೈಸೂರಿನ ಸರಸ್ವತಿಪುರಂ ಬಡಾವಣೆಯನ್ನೇ ನೋಡೋಣ. ಒಂದು ಬದಿಗೆ ಕುಕ್ಕರಹಳ್ಳಿ ಕೆರೆ, ಅದರಾಚೆ ಮಾನಸಗಂಗೋತ್ರಿ. ನಡುವೆ ಸಂಖ್ಯೆಗಳಿಂದಲೇ ಕರೆಯಲ್ಪಡುವ ನೆಟ್ಟನೆಯ ಮುಖ್ಯರಸ್ತೆಗಳು. ಇಲ್ಲಿನ ಹಳೆಯ ಮನೆಗಳಲ್ಲಿ ಹಿತ್ತಿಲಿತ್ತು, ಹಿತ್ತಿಲಿನಲ್ಲಿ ಒಗೆಯುವ ಕಲ್ಲಿತ್ತು, ತೆಂಗಿನ ಮರದಿಂದ ಮರಕ್ಕೆ ಕಟ್ಟಿದ ತಂತಿಯಿತ್ತು. ಇಂದು ಅಂತಹ ಅನೇಕ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿದೆ. ಬಟ್ಟೆ ಒಣಗಿಸಲು ಉಳಿದಿರುವುದು ಒಂದು ಕಿರಿದಾದ ಬಾಲ್ಕನಿ ಅಥವಾ ಎಲ್ಲರಿಗೂ ಸೇರಿದ ತಾರಸಿ. ಆಷಾಢದ ಗಾಳಿಯೊಡನೆ ಬರುವ ತುಂತುರು, ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳ ಸಂಜೆ ಮಳೆ, ಇವುಗಳ ನಡುವೆ ಬಟ್ಟೆ ಒಣಗಬೇಕಾದರೆ ಅದರ ನೀರು ಮೊದಲೇ ಬಸಿದುಹೋಗಿರಬೇಕು. ಆದ್ದರಿಂದಲೇ ಬಟ್ಟೆ ಡ್ರೈಯರ್ ಇಂದು ಭೋಗದ ವಸ್ತುವಾಗಿ ಉಳಿದಿಲ್ಲ.

ಇಂತಹ ಯಂತ್ರ ಒಂದು ದಿನ ಥಟ್ಟನೆ ನಿಂತುಹೋಗುತ್ತದೆ. "ಹಳೆಯದಾಯಿತು, ಹೊಸದು ತಂದುಬಿಡೋಣ" ಎಂದು ಮಕ್ಕಳು ಹೇಳುತ್ತಾರೆ. "ನೋಡಿಸೋಣ, ತಾಳಿ" ಎಂದು ಹಿರಿಯರು ಹೇಳುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಹಿರಿಯರ ಮಾತೇ ಸರಿ. ಏಕೆಂದರೆ ಕೆಟ್ಟಿರುವುದು ಬಹುತೇಕ ಒಂದು ಸಣ್ಣ ಬಿಡಿಭಾಗ ಮಾತ್ರ. ಆದರೆ ಈ ರಿಪೇರಿಯಲ್ಲಿ ಎಲ್ಲರೂ ನೆನಪಿಡಬೇಕಾದ ಒಂದು ಸೂತ್ರವುಂಟು. ಡ್ರೈಯರ್ ತಿರುಗತೊಡಗಿತು ಎಂದ ಮಾತ್ರಕ್ಕೆ ರಿಪೇರಿ ಮುಗಿಯಲಿಲ್ಲ. ಮುಚ್ಚಳ ತೆರೆದ ಕೂಡಲೇ ಅದು ನಿಲ್ಲಬೇಕು. ತಿರುಗುವಿಕೆಯಷ್ಟೇ ನಿಲ್ಲುವಿಕೆಯೂ ಮುಖ್ಯ. ಈ ಲೇಖನದ ಉದ್ದೇಶ ಅದನ್ನು ವಿವರಿಸುವುದೇ ಆಗಿದೆ.

ನಮ್ಮ ಮನೆಯಲ್ಲಿರುವುದು ಯಾವ ಡ್ರೈಯರ್?

ರಿಪೇರಿಯ ಮೊದಲ ಹೆಜ್ಜೆ ಯಂತ್ರವನ್ನು ಗುರುತಿಸುವುದು. ಡ್ರೈಯರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ.

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಅರೆಸ್ವಯಂಚಾಲಿತ ವಾಷಿಂಗ್ ಮೆಷಿನ್‌ನ ಎರಡನೆಯ ತೊಟ್ಟಿ. ಎಡಗಡೆಯ ದೊಡ್ಡ ತೊಟ್ಟಿಯಲ್ಲಿ ಬಟ್ಟೆ ಒಗೆಯಲಾಗುತ್ತದೆ. ಬಲಗಡೆಯ ಸಣ್ಣ ತೊಟ್ಟಿಯೊಳಗಿನ ತೂತುಗಳುಳ್ಳ ಬುಟ್ಟಿ ವೇಗವಾಗಿ ತಿರುಗಿ ನೀರನ್ನು ಹೊರಕ್ಕೆಸೆಯುತ್ತದೆ. ಇಲ್ಲಿ ಶಾಖದ ಕೆಲಸವೇ ಇಲ್ಲ. ಮಜ್ಜಿಗೆ ಕಡೆದಾಗ ಹನಿಗಳು ಅಂಚಿಗೆ ಚಿಮ್ಮುವಂತೆ, ತಿರುಗುವ ರಭಸಕ್ಕೆ ನೀರು ಬಟ್ಟೆಯಿಂದ ಬೇರ್ಪಡುತ್ತದೆ. ಇದು ಹಿಂಡುವ ಯಂತ್ರವೇ ಹೊರತು ಪೂರ್ತಿ ಒಣಗಿಸುವ ಯಂತ್ರವಲ್ಲ.

ಎರಡನೆಯದು ಬಿಸಿಗಾಳಿಯ ಡ್ರೈಯರ್. ದೊಡ್ಡ ಪೀಪಾಯಿಯಂತಹ ಡ್ರಮ್ ನಿಧಾನವಾಗಿ ಉರುಳುತ್ತದೆ, ಬಿಸಿಗಾಳಿ ಅದರೊಳಗೆ ಹಾಯ್ದು ತೇವವನ್ನು ಹೊತ್ತೊಯ್ಯುತ್ತದೆ. 1892ರಲ್ಲಿ ಅಮೆರಿಕದ ಜಾರ್ಜ್ ಟಿ. ಸ್ಯಾಂಪ್ಸನ್ ಎಂಬುವರು ಒಲೆಯ ಶಾಖದಿಂದ ಬಟ್ಟೆ ಒಣಗಿಸುವ ಚೌಕಟ್ಟಿಗೆ ಪೇಟೆಂಟ್ ಪಡೆದರು. ಇಂದು ಅಮೆರಿಕ, ಕೆನಡಾ ಮುಂತಾದ ಚಳಿದೇಶಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಲ್ಲಿ ವಿದ್ಯುತ್ ಡ್ರೈಯರ್ ಸಾಮಾನ್ಯ ವಸ್ತು.

ಇವೆರಡರ ವಿದ್ಯುತ್ ಖರ್ಚಿನಲ್ಲಿ ಅಜಗಜಾಂತರವಿದೆ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಬೇಕಾಗುವ ಶಾಖ ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮ. 200 ವಾಟ್‌ನ ಹಿಂಡುವ ಮೋಟಾರು 5 ನಿಮಿಷ ತಿರುಗಿದರೆ ಖರ್ಚಾಗುವುದು ಒಂದು ಯೂನಿಟ್ಟಿನ 60ನೆಯ ಒಂದು ಭಾಗ ಮಾತ್ರ. ಹಬೆಯ ಶಾಖವನ್ನು ಮರಳಿ ಬಳಸುವ ಹೀಟ್ ಪಂಪ್ ಡ್ರೈಯರ್‌ಗಳು ಸ್ವಲ್ಪ ಮಿತವ್ಯಯಿಗಳಾದರೂ ಈ ಅಂತರ ಉಳಿದೇ ಇರುತ್ತದೆ. ಮೊದಲು ಹಿಂಡಿ, ಉಳಿದುದನ್ನು ಗಾಳಿ ಬಿಸಿಲುಗಳಿಗೆ ಒಪ್ಪಿಸುವುದೇ ಮೈಸೂರಿನ ಹವೆಗೆ ಒಪ್ಪುವ ಕ್ರಮ.

ಯಂತ್ರದ ಬೆನ್ನಿನ ಮೇಲೆ ಒಂದು ಸಣ್ಣ ಪಟ್ಟಿ ಅಂಟಿಸಿರುತ್ತಾರೆ. ಮಾದರಿ ಸಂಖ್ಯೆ, ಕ್ರಮಸಂಖ್ಯೆ, ವೋಲ್ಟೇಜ್, ಹರ್ಟ್ಸ್, ವಾಟ್ ಇವೆಲ್ಲ ಅದರ ಮೇಲಿರುತ್ತವೆ. ಅಂಗಡಿಗೆ ಹೋಗಿ "ನೀಲಿ ಬಣ್ಣದ ಮೆಷಿನ್" ಎಂದರೆ ಬಿಡಿಭಾಗ ದೊರೆಯದು. ಮಾದರಿ ಸಂಖ್ಯೆ ಬೇಕು. ಪಟ್ಟಿ ಮಾಸುವ ಮುನ್ನವೇ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಜಾಣತನ.

ವಿದೇಶದಿಂದ ಮರಳುವವರಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ಅಮೆರಿಕದ ಸಾಮಾನ್ಯ ವಿದ್ಯುತ್ ಡ್ರೈಯರ್‌ನಲ್ಲಿ ಕಾಯಿಸುವ ಸುರುಳಿ 240 ವೋಲ್ಟ್‌ನಲ್ಲಿಯೂ, ಮೋಟಾರು 120 ವೋಲ್ಟ್‌ನಲ್ಲಿಯೂ ಕೆಲಸ ಮಾಡುತ್ತವೆ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಾಯಿಸಿದರೆ ಸಾಕೆಂದು ಭಾವಿಸಿ ಅಂತಹ ಯಂತ್ರವನ್ನು ಹಡಗಿನಲ್ಲಿ ತರಿಸಿಕೊಂಡರೆ ಸಾಗಣೆಯ ವೆಚ್ಚವೂ ವ್ಯರ್ಥ, ಯಂತ್ರವೂ ವ್ಯರ್ಥ.

ಒಳಗಿನ ರಚನೆ

ಈಗ ನಮ್ಮ ಮನೆಗಳ ಹಿಂಡುವ ಡ್ರೈಯರ್‌ನ ಒಳಗೇನಿದೆ ಎಂಬುದನ್ನು ತಿಳಿಯೋಣ. ಎರಡು ದಾರಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಒಂದು ವಿದ್ಯುತ್ತಿನ ದಾರಿ, ಮತ್ತೊಂದು ಚಲನೆಯ ದಾರಿ.

ವಿದ್ಯುತ್ತು ಗೋಡೆಯ ಸಾಕೆಟ್ಟಿನಿಂದ ಪ್ಲಗ್ಗಿಗೆ, ಅಲ್ಲಿಂದ ಫ್ಯೂಸ್ ಇದ್ದರೆ ಅದರ ಮೂಲಕ ಟೈಮರಿಗೆ, ಟೈಮರಿನಿಂದ ಮುಚ್ಚಳದ ಕೆಳಗಿರುವ ಸಣ್ಣ ಸ್ವಿಚ್ಚಿಗೆ, ಅಲ್ಲಿಂದ ಮೋಟಾರಿಗೆ ಹರಿಯುತ್ತದೆ. ಮುಚ್ಚಳ ಮುಚ್ಚಿದ್ದರೆ ಮಾತ್ರ ಆ ಸ್ವಿಚ್ ಕೂಡುತ್ತದೆ. ಮೋಟಾರಿನ ಜೊತೆಗೆ ಡಬ್ಬಿಯಾಕಾರದ ಕೆಪಾಸಿಟರ್ ಒಂದಿದೆ. ಒಂದೇ ಫೇಸಿನ ವಿದ್ಯುತ್ತಿನಿಂದ ಮೋಟಾರು ತಾನಾಗಿ ತಿರುಗಲು ಆರಂಭಿಸಲಾರದು. ಎರಡನೆಯ ಸುರುಳಿಗೆ ಹೋಗುವ ಪ್ರವಾಹವನ್ನು ಮುಂದುಮಾಡಿ, ತಿರುಗಲು ಬೇಕಾದ ತಳ್ಳುವಿಕೆಯನ್ನು ಒದಗಿಸುವುದು ಈ ಕೆಪಾಸಿಟರ್.

ಇನ್ನು ಚಲನೆಯ ದಾರಿ. ಮೋಟಾರಿನ ದಂಡದ ತುದಿಯಲ್ಲಿ ಒಂದು ದುಂಡನೆಯ ಬಿಲ್ಲೆಯಿದೆ. ಅದು ಬುಟ್ಟಿಯ ದಂಡವನ್ನು ಹಿಡಿದುಕೊಳ್ಳುವ ಜೋಡಣೆಯೂ ಹೌದು, ಬ್ರೇಕ್ ಒತ್ತುವ ಜಾಗವೂ ಹೌದು. ಮೋಟಾರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಬುಟ್ಟಿಯ ದಂಡ ಹೊರತೊಟ್ಟಿಯ ತಳವನ್ನು ಹಾಯುವಲ್ಲಿ ನೀರು ಸೋರದಂತೆ ಮಡಿಕೆ ಮಡಿಕೆಯಾದ ರಬ್ಬರಿನ ಸೀಲ್ ಇರುತ್ತದೆ.

ಬ್ರೇಕಿನ ಏರ್ಪಾಡು ಸರಳವಾದರೂ ಬುದ್ಧಿವಂತಿಕೆಯದು. ಮುಚ್ಚಳಕ್ಕೂ ಬ್ರೇಕಿಗೂ ನಡುವೆ ಒಂದು ತಂತಿಯಿದೆ. ಮುಚ್ಚಳ ಮುಚ್ಚಿದಾಗ ತಂತಿ ಬಿಗಿಯಾಗಿ ಬ್ರೇಕನ್ನು ಬಿಲ್ಲೆಯಿಂದ ದೂರ ಎಳೆಯುತ್ತದೆ. ಮುಚ್ಚಳ ತೆರೆದಾಗ ತಂತಿ ಸಡಿಲಾಗಿ, ಸ್ಪ್ರಿಂಗಿನ ಬಲದಿಂದ ಬ್ರೇಕ್ ಬಿಲ್ಲೆಯನ್ನು ಒತ್ತಿ ಹಿಡಿಯುತ್ತದೆ. ಹೀಗೆ ಮುಚ್ಚಳ ಎತ್ತಿದ ಕ್ಷಣದಲ್ಲಿ ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ: ವಿದ್ಯುತ್ತು ಕಡಿಯುತ್ತದೆ, ಬುಟ್ಟಿ ನಿಲ್ಲುತ್ತದೆ.

ಈ ಏರ್ಪಾಡು ಏಕೆ ಬೇಕು ಎಂಬುದನ್ನು ಒಂದು ಲೆಕ್ಕ ತಿಳಿಸುತ್ತದೆ. ಇಂತಹ ಬುಟ್ಟಿ ನಿಮಿಷಕ್ಕೆ ಸುಮಾರು 1,300 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 21ಕ್ಕೂ ಹೆಚ್ಚು. ಬುಟ್ಟಿಯ ಅಗಲ 24 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಅಂಚು ಗಂಟೆಗೆ ಸುಮಾರು 59 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಸೀರೆಯ ಸೆರಗು, ಮಗುವಿನ ಬೆರಳು, ಕೈಬಳೆ ಯಾವುದು ಸಿಕ್ಕಿದರೂ ಎಳೆದುಕೊಳ್ಳಲು ಅರೆಕ್ಷಣ ಸಾಕು.

ಬಿಚ್ಚುವ ಮುನ್ನ

ಸ್ವಿಚ್ ಆರಿಸುವುದು ಸಾಲದು. ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ಕಣ್ಣಿಗೆ ಕಾಣುವಂತೆ ಯಂತ್ರದ ಮೇಲಿಡಬೇಕು. ತೊಟ್ಟಿಗಳಲ್ಲಿ ಉಳಿದಿರುವ ನೀರನ್ನು ಬಸಿದು, ನೆಲವನ್ನು ಒರೆಸಿ, ಒಣಗಿದ ಚಪ್ಪಲಿ ಮೆಟ್ಟಿ ಕೆಲಸಕ್ಕೆ ತೊಡಗಬೇಕು. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಮಕ್ಕಳನ್ನು ಆ ಕಡೆಗೆ ಬಿಡಬಾರದು.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ತು ಸಂಗ್ರಹವಾಗಿ ಉಳಿದಿರಬಹುದು. ಅದರ ತುದಿಗಳನ್ನು ಬರಿಗೈಯಿಂದ ಮುಟ್ಟಬಾರದು. ಅನುಭವಿಗಳು ಹೋಲ್ಡರಿಗೆ ಹಾಕಿದ 230 ವೋಲ್ಟ್‌ನ ತಂತಿಬಲ್ಬಿನ ಎರಡು ವೈರುಗಳನ್ನು ಕೆಪಾಸಿಟರಿನ ಎರಡು ತುದಿಗಳಿಗೆ ತಾಗಿಸಿ ಅದನ್ನು ಬರಿದುಮಾಡುತ್ತಾರೆ. ಸ್ಕ್ರೂಡ್ರೈವರ್ ಅಡ್ಡವಿಟ್ಟು ಕಿಡಿ ಹಾರಿಸುವ ಪದ್ಧತಿ ಕೆಪಾಸಿಟರಿಗೂ ಕಣ್ಣಿಗೂ ಒಳ್ಳೆಯದಲ್ಲ.

ಸರಸ್ವತಿಪುರಂನಂತಹ ಹಳೆಯ ಬಡಾವಣೆಗಳಲ್ಲಿ ಮನೆಯ ವೈರಿಂಗ್ ಕೂಡ ಹಳೆಯದಾಗಿರಬಹುದು. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿನ ದೊಡ್ಡ ರಂಧ್ರಕ್ಕೆ ಅರ್ತ್ ವೈರ್ ನಿಜವಾಗಿಯೂ ಬಂದಿದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಇದ್ದಲು ಉಪ್ಪು ತುಂಬಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಅದರ ಕೆಲಸ ಕುಂಠಿತವಾಗುತ್ತದೆ. ಆಗಾಗ ನೀರು ಹಾಕುತ್ತಿರಬೇಕು. ಒದ್ದೆನೆಲದಲ್ಲಿ ನಿಲ್ಲುವ ಈ ಯಂತ್ರಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತು ಕಡಿಯುವ ಆರ್‌ಸಿಸಿಬಿ ಇದ್ದರೆ ಇನ್ನೂ ಕ್ಷೇಮ. ಯಂತ್ರದ ಮೈ ಮುಟ್ಟಿದಾಗ ಜುಮ್ಮೆಂದರೆ ಅದನ್ನು ಸಹಿಸಿಕೊಂಡು ಬಳಸುವುದು ಸಲ್ಲದು.

ಲಕ್ಷಣದಿಂದ ರೋಗ ತಿಳಿಯುವುದು

ವೈದ್ಯರು ನಾಡಿ ನೋಡಿ, ನಂತರ ಔಷಧ ಕೊಡುವಂತೆ ಇಲ್ಲಿಯೂ ಲಕ್ಷಣವನ್ನು ಮೊದಲು ಗಮನಿಸಬೇಕು. ಅನೇಕ ದೋಷಗಳು ಸ್ಕ್ರೂ ಬಿಚ್ಚದೆಯೇ ತಿಳಿಯುತ್ತವೆ.

ಸದ್ದೇ ಇಲ್ಲದಿದ್ದರೆ: ವಿದ್ಯುತ್ತಿನ ದಾರಿ ಎಲ್ಲಿಯೋ ಕಡಿದಿದೆ. ಒಗೆಯುವ ತೊಟ್ಟಿ ಕೆಲಸ ಮಾಡುತ್ತಿದೆಯೇ ನೋಡಿರಿ. ಅದು ತಿರುಗುತ್ತಿದ್ದರೆ ಸಾಕೆಟ್ಟೂ ಪ್ಲಗ್ಗೂ ಸರಿಯಾಗಿವೆ. ದೋಷ ಹಿಂಡುವ ಟೈಮರ್, ಮುಚ್ಚಳದ ಸ್ವಿಚ್ ಅಥವಾ ಮೋಟಾರಿನಲ್ಲಿದೆ. ಮುಚ್ಚಳವನ್ನು ಎತ್ತಿ ಇಳಿಸುವಾಗ ಸ್ವಿಚ್ಚಿನ 'ಟಿಕ್' ಸದ್ದು ಕೇಳಿಸದಿದ್ದರೆ ಅದರ ಮೇಲೆಯೇ ಮೊದಲ ಸಂದೇಹ. ಬಹಳ ಹೊತ್ತು ಓಡಿಸಿದ ಮೇಲೆ ನಿಂತು, ಆರಿದ ಮೇಲೆ ತಾನಾಗಿ ಓಡಿದರೆ ಮೋಟಾರಿನ ಶಾಖರಕ್ಷಕ ಕೆಲಸ ಮಾಡಿದೆ ಎಂದರ್ಥ.

ಗುಂಯ್ ಎಂಬ ಸದ್ದು ಬಂದು ಬುಟ್ಟಿ ತಿರುಗದಿದ್ದರೆ: ಕೂಡಲೇ ಪ್ಲಗ್ ಕೀಳಬೇಕು, ಹಾಗೆಯೇ ಬಿಟ್ಟರೆ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಮುಖ್ಯವಾಗಿ ಮೂರು ಕಾರಣಗಳಿರಬಹುದು. ಬುಟ್ಟಿಗೂ ಹೊರತೊಟ್ಟಿಗೂ ನಡುವೆ ಕರವಸ್ತ್ರ, ಕಾಲುಚೀಲ ಸಿಕ್ಕಿಕೊಂಡಿರಬಹುದು. ಬ್ರೇಕ್ ತಂತಿ ಸಡಿಲಾಗಿ ಅಥವಾ ತುಂಡಾಗಿ ಬ್ರೇಕ್ ಸದಾ ಒತ್ತಿಕೊಂಡಿರಬಹುದು. ಕೆಪಾಸಿಟರ್ ದುರ್ಬಲವಾಗಿರಬಹುದು. ಪ್ಲಗ್ ಕಿತ್ತ ನಂತರ, ಹಿಂಬದಿಯ ಫಲಕ ತೆಗೆದು ಬ್ರೇಕನ್ನು ಬಿಲ್ಲೆಯಿಂದ ಸರಿಸಿ ಹಿಡಿದು ಬುಟ್ಟಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಹಗುರವಾಗಿ ತಿರುಗಿದರೆ ಬ್ರೇಕ್ ತಂತಿಯ ಅಥವಾ ಕೆಪಾಸಿಟರಿನ ದೋಷ. ಬಿಗಿಯಾಗಿದ್ದರೆ ಬಟ್ಟೆ ಸಿಕ್ಕಿರುವುದು ಇಲ್ಲವೇ ಬೇರಿಂಗ್ ತುಕ್ಕು ಹಿಡಿದಿರುವುದು. ವಿದ್ಯುತ್ತು ಇರುವಾಗ ಬುಟ್ಟಿಯನ್ನು ಕೈಯಿಂದ ತಳ್ಳಿ ಚಾಲೂ ಮಾಡುವ ದುಸ್ಸಾಹಸ ಎಂದಿಗೂ ಬೇಡ.

ವೋಲ್ಟೇಜ್ ಇಳಿದಾಗಲೂ ಇದೇ ಲಕ್ಷಣ ಕಾಣಬಹುದು. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ತಗ್ಗುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಉಳಿಯುವ ಬಲ ಶೇಕಡ 61 ಮಾತ್ರ. ಸಂಜೆಯ ಹೊತ್ತು ಮಾತ್ರ ಈ ತೊಂದರೆ ಬರುತ್ತಿದ್ದರೆ ಯಂತ್ರವನ್ನು ದೂಷಿಸುವ ಮೊದಲು ವೋಲ್ಟೇಜ್ ಅಳೆಸಬೇಕು.

ದಡಬಡನೆ ಕುಣಿದರೆ: ಬಟ್ಟೆಯ ಭಾರ ಒಂದೇ ಕಡೆಗಿದೆ. ಬಟ್ಟೆಗಳನ್ನು ಸುತ್ತಲೂ ಸಮವಾಗಿ ಒತ್ತಿ, ಮೇಲೆ ಪ್ಲಾಸ್ಟಿಕ್ ಬಿಲ್ಲೆಯನ್ನು ಅಡ್ಡಲಾಗಿ ಕೂರಿಸಬೇಕು. ಆದರೂ ಕುಣಿದರೆ ನೆಲ ಸಮವಾಗಿದೆಯೇ, ಮೋಟಾರಿನ ಕೆಳಗಿನ ಸ್ಪ್ರಿಂಗ್ ಅಥವಾ ರಬ್ಬರ್ ಮುರಿದಿದೆಯೇ ನೋಡಬೇಕು.

ಯಂತ್ರದ ಅಡಿಯಿಂದ ನೀರು ಸೋರಿದರೆ: ತಳದ ರಬ್ಬರ್ ಸೀಲ್ ಹರಿದಿರುವ ಸಂಭವ ಹೆಚ್ಚು. ಆ ನೀರು ನೇರವಾಗಿ ಮೋಟಾರಿನ ಮೇಲೆ ಬೀಳುವುದರಿಂದ ಇದನ್ನು ಮುಂದೂಡಬಾರದು. ತೊಟ್ಟಿಯಲ್ಲಿಯೇ ನೀರು ನಿಂತರೆ ಹೊರಗಿನ ಪೈಪು ಮೇಲಕ್ಕೆ ಸಿಕ್ಕಿಸಿರಬಹುದು ಅಥವಾ ಅದರೊಳಗೆ ನೂಲಿನ ಕಸ ಕಟ್ಟಿರಬಹುದು.

ಬಿಚ್ಚುವ ಕ್ರಮ

ಯಂತ್ರವನ್ನು ಗೋಡೆಯಿಂದ ಮುಂದಕ್ಕೆಳೆದು ಹಿಂಬದಿಯ ಫಲಕದ ಸ್ಕ್ರೂಗಳನ್ನು ತೆಗೆಯಬೇಕು. ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಡಬೇಕು. ಉದ್ದ ಗಿಡ್ಡಗಳಿದ್ದರೆ ಬೇರೆ ಬೇರೆ ಇಡಬೇಕು. ಫಲಕ ತೆರೆದೊಡನೆ ಎರಡು ಮೋಟಾರುಗಳು ಕಾಣುತ್ತವೆ. ಸಣ್ಣ ತೊಟ್ಟಿಯ ಅಡಿಯಲ್ಲಿ ಸ್ಪ್ರಿಂಗುಗಳ ಮೇಲೆ ನಿಂತಿರುವುದು ಹಿಂಡುವ ಮೋಟಾರು. ಯಾವ ವೈರನ್ನು ಬಿಡಿಸುವ ಮೊದಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಚಿತ್ರವಿಲ್ಲದೆ ಬಿಚ್ಚಿದ ಯಂತ್ರವನ್ನು ಮರಳಿ ಜೋಡಿಸುವುದು ಅನುಭವಿಗಳಿಗೂ ಕಷ್ಟ.

ಬುಟ್ಟಿಯನ್ನು ಹೊರತೆಗೆಯಲು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಹಿಂಬದಿಯಿಂದ, ಬ್ರೇಕ್ ಬಿಲ್ಲೆಯಲ್ಲಿ ಬುಟ್ಟಿಯ ದಂಡವನ್ನು ಬಿಗಿದಿರುವ ಬೋಲ್ಟು ಮತ್ತು ಅದರ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ನಂತರ ಬುಟ್ಟಿಯನ್ನು ಮೇಲಿನಿಂದ ನೇರವಾಗಿ ಎತ್ತುತ್ತಾರೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೆಲಹೊತ್ತು ಕಾಯಬೇಕು. ಸುತ್ತಿಗೆಯ ಪೆಟ್ಟು ಕೊಟ್ಟರೆ ದಂಡ ಬಾಗಿ, ಮುಂದೆ ಎಂದೆಂದಿಗೂ ಕುಣಿತ ತಪ್ಪದು. ಮರಳಿ ಕೂರಿಸುವಾಗ ದಂಡದಲ್ಲಿರುವ ಗುಳಿಗೆ ಬೋಲ್ಟಿನ ತುದಿ ಸರಿಯಾಗಿ ಕೂಡಬೇಕು ಮತ್ತು ನಟ್ಟು ಬಿಗಿಯಾಗಿರಬೇಕು.

ಸಾಮಾನ್ಯ ರಿಪೇರಿಗಳು

ಬ್ರೇಕ್ ತಂತಿ: ತುಂಡಾಗಿದ್ದರೆ ಅದೇ ಮಾದರಿಯ ತಂತಿ ತರಬೇಕು. ಸಿಕ್ಕಿಸಿದ ಮೇಲೆ, ಮುಚ್ಚಳ ಮುಚ್ಚಿದಾಗ ಬ್ರೇಕಿಗೂ ಬಿಲ್ಲೆಗೂ ನಡುವೆ ಬೆಳಕು ಕಾಣುವಷ್ಟು ಅಂತರವಿರಬೇಕು; ತೆರೆದಾಗ ಅದು ಬಿಲ್ಲೆಯನ್ನು ಗಟ್ಟಿಯಾಗಿ ಒತ್ತಬೇಕು. ತಂತಿ ಅತಿಬಿಗಿಯಾದರೆ ಬ್ರೇಕ್ ಹಿಡಿಯದು, ಅತಿಸಡಿಲಾದರೆ ಬ್ರೇಕ್ ಬಿಡದು.

ಕೆಪಾಸಿಟರ್: ಅದರ ಮೇಲೆ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಎರಡನ್ನೂ ಅಚ್ಚುಹಾಕಿರುತ್ತಾರೆ. ಹೊಸದರ ಮೈಕ್ರೋಫ್ಯಾರಡ್ ಅದೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆಯಾಗಬಾರದು. ಕೆಲವು ಯಂತ್ರಗಳಲ್ಲಿ ಒಗೆಯುವ ಮತ್ತು ಹಿಂಡುವ ಮೋಟಾರುಗಳ ಕೆಪಾಸಿಟರ್‌ಗಳು ಒಂದೇ ಡಬ್ಬಿಯಲ್ಲಿರುತ್ತವೆ. ವೈರು ಅದಲುಬದಲಾಗದಂತೆ ನೋಡಿಕೊಳ್ಳಬೇಕು. ಉಬ್ಬಿದ, ಒಡೆದ, ಎಣ್ಣೆ ಜಿನುಗಿದ ಕೆಪಾಸಿಟರನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ, ಬದಲಾಯಿಸುವುದೇ ಸರಿ.

ಮೋಟಾರಿನ ಸುರುಳಿ: ಹಿಂಡುವ ಮೋಟಾರಿನಿಂದ ಮೂರು ವೈರುಗಳು ಬರುತ್ತವೆ. ಮಲ್ಟಿಮೀಟರಿನಿಂದ ಎರಡೆರಡು ವೈರುಗಳ ನಡುವಿನ ಓಮ್ ಅಳೆದರೆ ಮೂರು ಸಂಖ್ಯೆಗಳು ಬರುತ್ತವೆ. ಸುರುಳಿ ಆರೋಗ್ಯವಾಗಿದ್ದರೆ ಸಣ್ಣ ಎರಡು ಸಂಖ್ಯೆಗಳ ಮೊತ್ತ ದೊಡ್ಡದಕ್ಕೆ ಸಮವಾಗಿರುತ್ತದೆ. ಉದಾಹರಣೆಗೆ 40, 60, 100. ದೊಡ್ಡ ಸಂಖ್ಯೆ ತೋರಿಸಿದ ಎರಡು ವೈರುಗಳನ್ನು ಬಿಟ್ಟು ಉಳಿದದ್ದೇ ಎರಡೂ ಸುರುಳಿಗಳಿಗೆ ಸಾಮಾನ್ಯವಾದ ವೈರು. ಯಾವುದೇ ವೈರಿಗೂ ಮೋಟಾರಿನ ಕಬ್ಬಿಣದ ಮೈಗೂ ಸಂಪರ್ಕ ಕಂಡುಬಂದರೆ ಆ ಮೋಟಾರನ್ನು ಮತ್ತೆ ವಿದ್ಯುತ್ತಿಗೆ ಜೋಡಿಸಕೂಡದು.

ಟೈಮರ್ ಮತ್ತು ಮುಚ್ಚಳದ ಸ್ವಿಚ್: ಇವುಗಳನ್ನು ತೆರೆದು ಉಜ್ಜಿ ಸರಿಪಡಿಸುವುದಕ್ಕಿಂತ ಪೂರ್ತಿಯಾಗಿ ಬದಲಾಯಿಸುವುದು ಲೇಸು. ಇವುಗಳ ಸಂಪರ್ಕಬಿಂದುಗಳು ಒಮ್ಮೆ ಸುಟ್ಟರೆ ಮತ್ತೆ ಮತ್ತೆ ಸುಡುತ್ತವೆ.

ಇದು ರಿಪೇರಿಯಲ್ಲ

ಇಲ್ಲಿ ಒಂದು ಕಟುವಾದ ಮಾತನ್ನು ಹೇಳಲೇಬೇಕಾಗಿದೆ. ಮುಚ್ಚಳದ ಸ್ವಿಚ್ ಕೆಟ್ಟಾಗ ಅದರ ಎರಡು ವೈರುಗಳನ್ನು ಒಂದಕ್ಕೊಂದು ಸುತ್ತಿ ಟೇಪು ಅಂಟಿಸಿಬಿಡುವ ರೂಢಿಯುಂಟು. ಬ್ರೇಕ್ ಸಿಕ್ಕಿಕೊಂಡಾಗ ಅದನ್ನು ಶಾಶ್ವತವಾಗಿ ಹಿಂದಕ್ಕೆ ಎಳೆದು ಕಟ್ಟಿಬಿಡುವುದೂ ಉಂಟು. ಯಂತ್ರ ಚೆನ್ನಾಗಿ ತಿರುಗುತ್ತದೆ, ಖರ್ಚೂ ಆಗುವುದಿಲ್ಲ, ಮನೆಯವರಿಗೂ ಸಂತೋಷ. ಆದರೆ ಅಂದಿನಿಂದ ಆ ಯಂತ್ರ ಮುಚ್ಚಳ ತೆರೆದರೂ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ರಜೆಗೆ ಬಂದ ಮೊಮ್ಮಗು ಕುತೂಹಲದಿಂದ ಕೈಹಾಕುವ ದಿನ ಅದರ ಬೆಲೆ ತಿಳಿಯುತ್ತದೆ.

ಆದ್ದರಿಂದ ಯಾರೇ ರಿಪೇರಿ ಮಾಡಿರಲಿ, ಹಣ ಕೊಡುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿಸಬೇಕು. ಮುಚ್ಚಳ ತೆರೆದಿಟ್ಟು ಟೈಮರ್ ತಿರುಗಿಸಿದರೆ ಬುಟ್ಟಿ ಅಲುಗಬಾರದು. ಪೂರ್ಣ ವೇಗದಲ್ಲಿರುವಾಗ ಮುಚ್ಚಳ ಎತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಅದು ನಿಲ್ಲಬೇಕು. 15 ಸೆಕೆಂಡು ದಾಟಿದರೂ ನಿಲ್ಲದಿದ್ದರೆ ಬಳಕೆಯನ್ನು ನಿಲ್ಲಿಸಿ ಬ್ರೇಕನ್ನು ಮತ್ತೆ ನೋಡಿಸಬೇಕು. ಪೂರ್ತಿ ನಿಂತ ಮೇಲೆಯೇ ಕೈಹಾಕುವ ಅಭ್ಯಾಸ ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಇರಬೇಕು.

ಬಿಸಿಗಾಳಿಯ ಡ್ರೈಯರ್ ಇರುವವರಿಗೆ

ವಿದೇಶದಲ್ಲಿರುವ ಓದುಗರಿಗೂ, ಇಲ್ಲಿಯೇ ಬಿಸಿಗಾಳಿಯ ಯಂತ್ರ ಕೊಂಡವರಿಗೂ ಕೆಲವು ಮಾತುಗಳು. ಅಲ್ಲಿ ಬೆರಳಿಗಿಂತಲೂ ಬೆಂಕಿಯ ಭಯ ಹೆಚ್ಚು. ಬಟ್ಟೆಯಿಂದ ಉದುರುವ ನವಿರಾದ ನೂಲಿನ ಹಿಂಜು ಜರಡಿಯಲ್ಲಿ, ಹೊಗೆಕೊಳವೆಯಂತಹ ಗಾಳಿಕೊಳವೆಯಲ್ಲಿ, ಕಾಯುವ ಸುರುಳಿಯ ಸುತ್ತ ಸಂಗ್ರಹವಾಗುತ್ತದೆ. 2008ರಿಂದ 2010ರವರೆಗಿನ ಘಟನೆಗಳನ್ನು ಪರಿಶೀಲಿಸಿದ ಅಮೆರಿಕದ ಅಗ್ನಿಶಾಮಕ ಆಡಳಿತವು, ಅಲ್ಲಿನ ವಾಸದ ಕಟ್ಟಡಗಳಲ್ಲಿ ಡ್ರೈಯರ್‌ಗಳಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತಗಳು ಆಗುತ್ತವೆಂದೂ, ಶುಚಿಮಾಡದಿರುವುದೇ ಅದಕ್ಕೆ ಎಲ್ಲಕ್ಕಿಂತ ಮೊದಲ ಕಾರಣವೆಂದೂ ಪ್ರಕಟಿಸಿತು. ಪ್ರತಿ ಸಲವೂ ಜರಡಿ ತೆಗೆದು ಹಿಂಜನ್ನು ಎಳೆದುಹಾಕಬೇಕು, ಗಾಳಿಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಶುಚಿಮಾಡಿಸಬೇಕು. ಎಣ್ಣೆಯ ಬಟ್ಟೆ, ಸೀಮೆಎಣ್ಣೆ ಅಥವಾ ಪೆಟ್ರೋಲು ತಾಗಿದ ಬಟ್ಟೆಗಳನ್ನು ಅದರೊಳಗೆ ಹಾಕಲೇಬಾರದು.

ಡ್ರಮ್ ತಿರುಗುತ್ತಿದ್ದರೂ ಗಾಳಿ ಬಿಸಿಯಾಗದಿದ್ದರೆ ಕಾಯುವ ಸುರುಳಿ ಅಥವಾ ಶಾಖದ ಫ್ಯೂಸ್ ಕಡಿದಿರಬಹುದು. ಅಮೆರಿಕದ ಮನೆಗಳಲ್ಲಿ ಎರಡು ವಿದ್ಯುತ್ ಎಳೆಗಳ ಪೈಕಿ ಒಂದು ಕಡಿದರೂ ಇದೇ ಲಕ್ಷಣ ಕಾಣುತ್ತದೆ. ಮೋಟಾರಿಗೆ ಒಂದು ಎಳೆ ಸಾಕು, ಶಾಖಕ್ಕೆ ಎರಡೂ ಬೇಕು. ಮೋಟಾರಿನ ಸದ್ದಿದ್ದು ಡ್ರಮ್ ಉರುಳದಿದ್ದರೆ ಅದನ್ನು ಸುತ್ತಿರುವ ಬೆಲ್ಟ್ ಹರಿದಿರಬಹುದು. ಶಾಖದ ಫ್ಯೂಸ್ ಒಮ್ಮೆ ಕಡಿದರೆ ಅದು ತನ್ನ ಕರ್ತವ್ಯವನ್ನು ಮಾಡಿದೆ. ಗಾಳಿಯ ದಾರಿ ಕಟ್ಟಿದ್ದೇ ಮೂಲಕಾರಣವಾಗಿರಬಹುದು. ಕಾರಣ ಹುಡುಕದೆ ಫ್ಯೂಸ್ ಬದಲಾಯಿಸುವುದು ತಪ್ಪು, ಫ್ಯೂಸ್ ಬದಲು ವೈರ್ ಜೋಡಿಸುವುದು ಅಪರಾಧಕ್ಕೆ ಸಮಾನ.

ಎಲ್ಲಿ ನಿಲ್ಲಿಸಬೇಕು?

ಪೈಪು ಶುಚಿಮಾಡುವುದು, ಸಿಕ್ಕಿದ ಬಟ್ಟೆ ತೆಗೆಯುವುದು, ಕಾಲುಗಳನ್ನು ಸಮಮಾಡುವುದು ಮನೆಯವರೇ ಮಾಡಬಹುದಾದ ಕೆಲಸ. ಬ್ರೇಕ್ ತಂತಿ, ರಬ್ಬರ್ ಸೀಲ್ ಬದಲಾವಣೆ ಕೈಕೆಲಸದ ರೂಢಿಯಿದ್ದವರಿಗೆ ಸಾಧ್ಯ. ಕೆಪಾಸಿಟರ್, ಟೈಮರ್, ಮೋಟಾರು, ವೈರಿಂಗ್ ಇವು ತಿಳಿದವರ ಕೆಲಸ. ಪೂರ್ಣ ಸ್ವಯಂಚಾಲಿತ ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುವುದರಿಂದ ಅವುಗಳನ್ನು ಮನೆಯಲ್ಲಿ ಬಿಚ್ಚದಿರುವುದೇ ಕ್ಷೇಮ. ವಾರಂಟಿ ಅವಧಿಯಲ್ಲಿರುವ ಯಂತ್ರವನ್ನೂ ತಾವಾಗಿ ತೆರೆಯಬಾರದು.

ರಿಪೇರಿಗೆ ಬಂದವರು ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ, ರಸೀದಿಯನ್ನೂ ಪಡೆಯಿರಿ. ಬಿಡಿಭಾಗ ಮತ್ತು ರಿಪೇರಿಯ ಮಾಹಿತಿ ಗ್ರಾಹಕರಿಗೆ ಸುಲಭವಾಗಿ ಸಿಗಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, 'ರಿಪೇರಿಯ ಹಕ್ಕು' ಎಂಬ ಜಾಲತಾಣವನ್ನು ಆರಂಭಿಸಿತು. ಸೇವೆಯಲ್ಲಿ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಇನ್ನು ಯಂತ್ರ ನಿಜವಾಗಿಯೂ ಆಯುಷ್ಯ ಮುಗಿಸಿದ್ದರೆ ಅದನ್ನು ಮೂಲೆಯ ಗುಂಡಿಗೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಯಂತ್ರದ ಆಯುಷ್ಯ ನಮ್ಮ ದಿನನಿತ್ಯದ ಅಭ್ಯಾಸದಲ್ಲಿದೆ. ಬುಟ್ಟಿಯನ್ನು ಕಿಕ್ಕಿರಿಯುವಂತೆ ತುಂಬಬಾರದು. ಜೇಬಿನ ನಾಣ್ಯ, ಪಿನ್ನುಗಳನ್ನು ಮೊದಲೇ ತೆಗೆಯಬೇಕು. ಸಣ್ಣ ಬಟ್ಟೆಗಳನ್ನು ಕೆಳಗೆ, ದೊಡ್ಡವನ್ನು ಮೇಲೆ ಇಡಬೇಕು. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಸ್ವಲ್ಪ ಹೊತ್ತು ತೆರೆದಿಟ್ಟು ತೇವ ಆರಲು ಬಿಡಬೇಕು, ಪ್ಲಗ್ ಕಿತ್ತಿಡಬೇಕು. ಬೋರ್‌ವೆಲ್ಲಿನ ಗಡಸುನೀರು ಬಳಸುವವರು ಬುಟ್ಟಿಯ ತೂತುಗಳಲ್ಲಿ ಕಟ್ಟುವ ಬಿಳಿಯ ಪೊರೆಯನ್ನು ಆಗಾಗ ಉಜ್ಜಿ ತೆಗೆಯಬೇಕು.

ಮನೆಯವರ ಶ್ರಮವನ್ನು ಹಗುರಗೊಳಿಸುವ ಯಂತ್ರವೂ ಒಂದು ರೀತಿಯಲ್ಲಿ ನಮ್ಮ ಕಾಯಕದ ಸಂಗಾತಿಯೇ. ಅದನ್ನು ಸಣ್ಣ ದೋಷಕ್ಕೆಂದು ಹೊರಗೆಸೆಯುವುದು ದುಂದು. ದೋಷವನ್ನು ಮುಚ್ಚಿಟ್ಟು ಅಪಾಯದೊಡನೆ ಬಳಸುವುದು ಅವಿವೇಕ. ಸರಿಯಾಗಿ ಗುರುತಿಸಿ, ತಿಳಿದು ಬಿಚ್ಚಿ, ಪ್ರಾಮಾಣಿಕವಾಗಿ ಸರಿಪಡಿಸಿದ ಯಂತ್ರ ಇನ್ನೂ ಅನೇಕ ಮಳೆಗಾಲಗಳನ್ನು ನಿಶ್ಚಿಂತೆಯಿಂದ ಕಳೆಯುತ್ತದೆ. ಇಂದೇ ತಮ್ಮ ಮನೆಯ ಡ್ರೈಯರ್‌ನ ಮುಚ್ಚಳವನ್ನೊಮ್ಮೆ ಎತ್ತಿ, ಅದು ಎಷ್ಟು ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂಬುದನ್ನು ಎಣಿಸಿ ನೋಡಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.